ನಿಮ್ಮ ಹತ್ತಿರ ಟೈಮಿದೆ, ನಮ್ಮ ಹತ್ತಿರ ಇಲ್ಲ

ಪ್ರತಿ ವರ್ಷ ನಮ್ಮ ಸಂಸ್ಥೆಗೆ ಎಂಎಸ್‌ಡಬ್ಲ್ಯೂ, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಓದುವ ಹುಡುಗ ಹುಡುಗಿಯರು ಫೀಲ್ಡ್ ವರ್ಕ್‌ಗೆ ಬರುತ್ತಾರೆ. ವಾರಕ್ಕೆ ಎರಡು ದಿನ. ಕೈಯಲ್ಲಿ ವಿಭಾಗದ ಪತ್ರ, ಬ್ಯಾಗಿನಲ್ಲಿ ಖಾಲಿ ಡೈರಿ. ಕೆಲವರು ಖುಷಿಯಿಂದಲೇ ಬಂದಿರುತ್ತಾರೆ. ಇನ್ನು ಕೆಲವರಿಗೆ ಮೈಸೂರಿನ ದೊಡ್ಡ ಆಸ್ಪತ್ರೆಯೋ, ಯಾವುದಾದರೂ ಫ್ಯಾಕ್ಟರಿಯ ಎಚ್‌ಆರ್ ವಿಭಾಗವೋ ಬೇಕಿತ್ತು. ಅದು ಸಿಗದೆ ನಮ್ಮ ಕಡೆ ಬಂದಿರುತ್ತಾರೆ. ಮುಖ ನೋಡಿದರೇ ಗೊತ್ತಾಗುತ್ತದೆ. ನನಗೇನೂ ಬೇಜಾರಿಲ್ಲ.

ನಾನೂ ಹೀಗೇ ಪತ್ರ ಹಿಡಿದು ಬಂದವಳು. ಈಗ ಮೇಜಿನ ಈ ಕಡೆ ಕೂತಿದ್ದೇನೆ. ನಂಜನಗೂಡು ತಾಲ್ಲೂಕಿನ ಹಳ್ಳಿಗಳಲ್ಲಿ ವಿಕಲಚೇತನರು ಮತ್ತು ವಯಸ್ಸಾದವರ ಜೊತೆ ಕೆಲಸ ಮಾಡುವ ಸಣ್ಣ ಸಂಸ್ಥೆ ನಮ್ಮದು. ಕಾಲೇಜಿನವರ ಕಾಗದಪತ್ರದಲ್ಲಿ ನಾನು ಏಜೆನ್ಸಿ ಸೂಪರ್‌ವೈಸರ್, ಅಂದರೆ ಸಂಸ್ಥೆಯ ಕಡೆಯ ಮೇಲ್ವಿಚಾರಕಿ. ಅದಕ್ಕೆ ಸಂಬಳವೇನೂ ಇಲ್ಲ, ಸಹಿ ಹಾಕುವ ಅಧಿಕಾರ ಮಾತ್ರ ಇದೆ. ಬ್ಯಾಚ್ ಮೇಲೆ ಬ್ಯಾಚ್ ನೋಡಿದ ಮೇಲೆ, ಫೀಲ್ಡ್ ವರ್ಕ್ ಯಾರ ಕೈ ಹಿಡಿಯುತ್ತದೆ, ಯಾರ ಕೈ ಹಿಡಿಯುವುದಿಲ್ಲ ಅನ್ನುವುದರ ಬಗ್ಗೆ ನನಗೆ ಒಂದು ಅಭಿಪ್ರಾಯ ಬಂದುಬಿಟ್ಟಿದೆ. ಕ್ಲಾಸಿನ ಮಾರ್ಕ್ಸಿಗೂ ಇದಕ್ಕೂ ಅಂಥ ಸಂಬಂಧ ಕಾಣಲಿಲ್ಲ. ಮಾತುಗಾರಿಕೆಗಂತೂ ಇಲ್ಲವೇ ಇಲ್ಲ.

ವಿದ್ಯಾರ್ಥಿಯ ಹತ್ತಿರ ಇರುವ ದೊಡ್ಡ ಆಸ್ತಿ ಟೈಮು. ಸಂಸ್ಥೆಯಲ್ಲಿ ಬೇರೆ ಯಾರ ಹತ್ತಿರವೂ ಅದು ಇಲ್ಲ. ನಮ್ಮ ಕಾರ್ಯಕರ್ತೆ ಬೆಳಿಗ್ಗೆ ಹುಲ್ಲಹಳ್ಳಿ ಕಡೆ ಬಸ್ ಹತ್ತಿದರೆ ಸಂಜೆಯೊಳಗೆ ನಾಲ್ಕೈದು ಊರು ಮುಗಿಸಬೇಕು. ತಿಂಗಳ ಕೊನೆಗೆ ಒಂದು ವರದಿ, ದುಡ್ಡು ಕೊಟ್ಟವರಿಗೆ ಮೂರು ತಿಂಗಳಿಗೊಂದು ವರದಿ, ಜೊತೆಗೆ ಫೋಟೊ, ಬಿಲ್ಲು, ಹಾಜರಿ ಪಟ್ಟಿ. ಒಬ್ಬ ಅಜ್ಜಿಯ ಜಗುಲಿಯ ಮೇಲೆ ಎರಡು ಗಂಟೆ ಸುಮ್ನೆ ಕೂತು ಮಾತು ಕೇಳಲು ಆ ಕಾರ್ಯಕರ್ತೆಯಿಂದ ಆಗುವುದಿಲ್ಲ. ಆಸೆ ಇದ್ದರೂ ಆಗುವುದಿಲ್ಲ. ವಿದ್ಯಾರ್ಥಿಗಳಾದ ನಿಮ್ಮಿಂದ ಆಗುತ್ತದೆ. ಅದನ್ನು ಅರ್ಥ ಮಾಡಿಕೊಂಡವರು ನಮ್ಮಲ್ಲಿ ಚೆನ್ನಾಗಿ ಕಲಿತು ಹೋಗಿದ್ದಾರೆ. ಬಂದ ತಿಂಗಳೇ ದೊಡ್ಡ ಕಾರ್ಯಕ್ರಮ, ಜಾಥಾ, ಬೀದಿ ನಾಟಕ ಅಂತ ಓಡಾಡಿದವರು ಫೋಟೊ ತೆಗೆಸಿಕೊಂಡು ಹೋಗಿದ್ದಾರೆ.

ಮೊದಲು ಒಂದು ದೂರಿನ ಬಗ್ಗೆ ಹೇಳಬೇಕು. "ಅಲ್ಲಿ ಬರೀ ಎಂಟ್ರಿ ಕೆಲಸ ಕೊಡ್ತಾರೆ" ಅನ್ನುವುದು ಎಲ್ಲ ಬ್ಯಾಚಿನವರ ಗೊಣಗಾಟ. ಇದರಲ್ಲಿ ಸತ್ಯ ಇದೆ. ವಿದ್ಯಾರ್ಥಿಗಳನ್ನು ಬಿಟ್ಟಿ ಗುಮಾಸ್ತರ ಥರ ದುಡಿಸಿಕೊಳ್ಳುವ ಸಂಸ್ಥೆಗಳು ಇವೆ. ಡಿಸೆಂಬರ್ 3ರ ವಿಕಲಚೇತನರ ದಿನಕ್ಕೆ ಬ್ಯಾನರ್ ಕಟ್ಟುವುದು, ಅತಿಥಿಗಳಿಗೆ ಟೀ ಕೊಡುವುದು, ಝೆರಾಕ್ಸ್ ಮಾಡಿಸುವುದು. ಇಡೀ ಸೆಮಿಸ್ಟರ್ ಇಷ್ಟೇ ಆದರೆ ಕಾಲೇಜಿನ ಕಡೆಯ ನಿಮ್ಮ ಫ್ಯಾಕಲ್ಟಿ ಸೂಪರ್‌ವೈಸರ್‌ಗೆ ಹೇಳಿ. ಗಲಾಟೆ ಬೇಡ, ಆದರೆ ಹೇಳಿ.

ಆದರೆ ಮೊದಲ ಎರಡು ವಾರ ರಿಜಿಸ್ಟರ್ ಕೈಗೆ ಬಂತು ಅಂದರೆ ಬಿಡಬೇಡಿ. ಒಂದು ಸಂಸ್ಥೆಯನ್ನು ತಿಳಿಯಲು ಅದರ ರಿಜಿಸ್ಟರಿಗಿಂತ ಒಳ್ಳೆಯ ದಾರಿ ಇಲ್ಲ. ಬ್ರೋಷರ್‌ನಲ್ಲಿ ಇಲ್ಲದ್ದೆಲ್ಲ ಅಲ್ಲಿರುತ್ತದೆ. ಹಾಗೆ ಎಂಟ್ರಿ ಮಾಡುತ್ತಾ ಕೂತಿದ್ದ ಒಬ್ಬ ಹುಡುಗಿ ಒಂದು ದಿನ ತಲೆ ಎತ್ತಿ ಕೇಳಿದಳು: "ಮೇಡಂ, ಈ ಒಂದೇ ಊರಲ್ಲಿ ಇಷ್ಟು ಜನಕ್ಕೆ ಪಿಂಚಣಿ ನಿಂತಿದೆ ಅಂತ ಬರೆದಿದೆ. ಕಾರಣದ ಕಾಲಂ ಮಾತ್ರ ಖಾಲಿ. ಯಾಕೆ?"

ನಮ್ಮ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಪಿಂಚಣಿ ನಿಂತರೆ ನಾಡಕಚೇರಿಗೆ ಅರ್ಜಿ ಕೊಡಿಸುತ್ತಿದ್ದೆವು, ಮುಂದಿನ ಊರಿಗೆ ಹೋಗುತ್ತಿದ್ದೆವು. ಅವಳು ಆ ಊರಿಗೇ ಹೋಗಿ ಕೂತಳು. ಒಂದೊಂದೇ ಮನೆ. ಟ್ರಂಕಿನಲ್ಲಿದ್ದ ಕಾಗದವನ್ನೆಲ್ಲ ಹೊರಗೆ ತೆಗೆಸಿದಳು. ಆಗ ಒಂದು ವಿಷಯ ಸಿಕ್ಕಿತು. ಅಲ್ಲಿನ ಹೆಂಗಸರು ಸಂಘದ ಸಾಲಕ್ಕಾಗಿ ಬೇರೆ ಬ್ಯಾಂಕಿನಲ್ಲಿ ಹೊಸ ಖಾತೆ ತೆರೆದಿದ್ದರು. ಆಗ ಆಧಾರ್ ಕೊಟ್ಟಿದ್ದರು. ಆಧಾರ್ ಆಧಾರಿತ ಪಾವತಿಯಲ್ಲಿ ದುಡ್ಡು ಹೋಗುವುದು ಕೊನೆಯ ಸಲ ಯಾವ ಖಾತೆಗೆ ಜೋಡಣೆಯಾಗಿದೆಯೋ ಅದಕ್ಕೆ. ವಯಸ್ಸಾದವರ ಪಿಂಚಣಿ ಯೋಜನೆ ಸಂಧ್ಯಾ ಸುರಕ್ಷಾದ 1200 ರೂಪಾಯಿ ತಿಂಗಳು ತಿಂಗಳು ಹೊಸ ಖಾತೆಗೆ ಬೀಳುತ್ತಿತ್ತು. ಅಜ್ಜಿಯರು ಮಾತ್ರ ಹಳೆಯ ಪಾಸ್‌ಬುಕ್ ಹಿಡಿದುಕೊಂಡು ಹೋಗಿ ಬರಿಗೈಲಿ ವಾಪಸ್ ಬರುತ್ತಿದ್ದರು. ಹೊಸ ಪಾಸ್‌ಬುಕ್ ಸಂಘದ ಪ್ರತಿನಿಧಿಯ ಮನೆಯ ಬೀರುವಿನಲ್ಲಿ ಬೆಚ್ಚಗಿತ್ತು.

ಇಷ್ಟು ಕೇಳಿದರೆ ಸುಲಭ ಅನ್ನಿಸುತ್ತದೆ, ಅಲ್ವಾ? ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಅಂತ ಆಧಾರ್ ವೆಬ್‌ಸೈಟಿನಲ್ಲಿ ನೋಡಬಹುದು. ಆದರೆ ಅದಕ್ಕೆ ಒಟಿಪಿ ಬೇಕು. ಆ ಮೊಬೈಲ್ ನಂಬರು ಮಗನದು, ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿ, ಹಗಲು ಹೊತ್ತು ಫೋನ್ ಎತ್ತುವುದಿಲ್ಲ. ಊರಲ್ಲೇ ಬ್ಯಾಂಕಿನ ವ್ಯವಹಾರ ಮಾಡಿಕೊಡುವ ಬ್ಯಾಂಕ್ ಮಿತ್ರನ ಮಷೀನಿನಲ್ಲಿ ಹೆಬ್ಬೆಟ್ಟು ಇಟ್ಟು ನೋಡೋಣ ಅಂದರೆ, ಜೀವಮಾನವೆಲ್ಲ ಕಳೆ ಕಿತ್ತು ಸವೆದ ಬೆರಳನ್ನು ಮಷೀನು ಒಪ್ಪುವುದಿಲ್ಲ. ಒಬ್ಬರ ಪಿಂಚಣಿ ನಿಜವಾಗಿಯೇ ನಿಂತಿತ್ತು. ಯಾವುದೋ ಪಟ್ಟಿಯಲ್ಲಿ ಅವರು ತೀರಿಕೊಂಡಿದ್ದಾರೆ ಅಂತ ಸೇರಿಹೋಗಿತ್ತು. ಬದುಕಿದ್ದೇನೆ ಅಂತ ಅವರು ಅರ್ಜಿ ಬರೆದುಕೊಡಬೇಕಾಯಿತು. ಅಜ್ಜಿ ಅದನ್ನು ಹೇಳಿಕೊಂಡು ನಗುತ್ತಿದ್ದರು. ಆ ಹುಡುಗಿಗೆ ನಗು ಬರಲಿಲ್ಲ.

ಎಲ್ಲರದೂ ಸರಿಹೋಗಲಿಲ್ಲ. ಹೆಚ್ಚಿನವರದು ಸರಿಹೋಯಿತು. ಈಗ ಯಾವ ಊರಲ್ಲಿ ಪಿಂಚಣಿ ನಿಂತಿದೆ ಅಂದರೂ ನಾವು ಮೊದಲು ಕೇಳುವ ಪ್ರಶ್ನೆ "ಇತ್ತೀಚೆಗೆ ಹೊಸ ಖಾತೆ ತೆಗೆದಿರಾ ಅವ್ವ?" ಎಂಬುದು. ಕ್ಲಾಸಿನಲ್ಲಿ ಕೇಸ್ ವರ್ಕ್ ಅಂತ ಕಲಿಸುತ್ತಾರಲ್ಲ, ಅದು ಇದೇ. ಎಂಟ್ರಿ ಕೆಲಸದಿಂದ ಹುಟ್ಟಿದ್ದು.

ಇನ್ನು ಊರಿಗೆ ಹೋಗುವ ವಿಷಯ. ಕಾಲೇಜಿನ ಟೈಮ್‌ಟೇಬಲ್ ಪ್ರಕಾರ ಹತ್ತು ಗಂಟೆಗೆ ಹೊರಟು ಹನ್ನೊಂದೂವರೆಗೆ ಊರು ತಲುಪಿದರೆ ಅಲ್ಲಿ ಯಾರೂ ಇರುವುದಿಲ್ಲ. ಗದ್ದೆಗೋ ತೋಟಕ್ಕೋ ಕೂಲಿಗೆ ಹೋಗಿರುತ್ತಾರೆ. ಹುಡುಗಿಯರನ್ನು ಗಾರ್ಮೆಂಟ್ಸ್ ವ್ಯಾನು ಬೆಳಿಗ್ಗೆಯೇ ಕರೆದುಕೊಂಡು ಹೋಗಿರುತ್ತದೆ. "ಸಮುದಾಯದ ಜನ ಸಹಕರಿಸಲಿಲ್ಲ" ಅಂತ ಡೈರಿಯಲ್ಲಿ ಬರೆದ ಮಹಾನುಭಾವರೂ ಇದ್ದಾರೆ. ಜನ ಕೂಲಿ ಬಿಟ್ಟು ನಿಮಗೆ ಸಹಕರಿಸಬೇಕಾ? ನಿಮ್ಮ ಸೂಪರ್‌ವೈಸರ್ ಹತ್ತಿರ ಮಾತಾಡಿ, ಹೊತ್ತು ಬದಲಾಯಿಸಿಕೊಳ್ಳಿ. ಬೆಳಿಗ್ಗೆ ಬೇಗ ಅಥವಾ ಸಂಜೆ ನಾಲ್ಕರ ಮೇಲೆ. ಸಂಜೆಯಾದರೆ ಕೊನೇ ಬಸ್ಸು ಎಷ್ಟು ಹೊತ್ತಿಗೆ ಅನ್ನುವುದನ್ನು ಡ್ರೈವರನ್ನೇ ಕೇಳಿಟ್ಟುಕೊಳ್ಳಿ.

ಬಸ್ಸಿನ ಮಾತು ಬಂತು ಅಂತ ಹೇಳುತ್ತೇನೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ನಮ್ಮ ವಿದ್ಯಾರ್ಥಿನಿಯರ ಫೀಲ್ಡ್ ವರ್ಕ್ ಸ್ವರೂಪವೇ ಬದಲಾಯಿತು. ಮೊದಲು ಬಸ್ ಚಾರ್ಜ್ ಉಳಿಸಲು ರಸ್ತೆ ಪಕ್ಕದ ಊರುಗಳನ್ನೇ ಆರಿಸಿಕೊಳ್ಳುತ್ತಿದ್ದರು. ಈಗ ಒಳಗಿನ ಊರಿಗೂ ಹೋಗುತ್ತಾರೆ, ಒಂದು ಸಲ ಕೆಲಸ ಆಗದಿದ್ದರೆ ಮತ್ತೆ ಹೋಗುತ್ತಾರೆ. ಹುಡುಗರು ಟಿಕೆಟ್ ತೆಗೆದುಕೊಂಡು ಸ್ವಲ್ಪ ಗೊಣಗುತ್ತಾರೆ. ಫೀಲ್ಡ್ ವರ್ಕ್‌ಗೆ ಒಂದು ಸ್ಟೈಪೆಂಡ್ ಇರಬೇಕು ಅನ್ನುವುದು ನನ್ನ ಹಳೆಯ ವಾದ. ಕೇಳುವವರು ಯಾರೂ ಸಿಕ್ಕಿಲ್ಲ.

ಊರೊಳಗೆ ಹೋದ ಮೇಲೆ ಪ್ರಶ್ನಾವಳಿ ತೆಗೆಯಬೇಡಿ. ದಯವಿಟ್ಟು. ಮೊದಲ ಭೇಟಿಯಲ್ಲೇ "ನಿಮ್ಮ ಆದಾಯ ಎಷ್ಟು, ಜಮೀನು ಎಷ್ಟು, ಮನೇಲಿ ಬೈಕ್ ಇದೆಯಾ" ಅಂತ ಕೇಳಿದರೆ ಜನ ನಿಮ್ಮನ್ನು ಬಿಪಿಎಲ್ ಕಾರ್ಡ್ ರದ್ದು ಮಾಡಲು ಬಂದವರು ಅಂದುಕೊಳ್ಳುತ್ತಾರೆ. ಅಂದುಕೊಳ್ಳುವುದರಲ್ಲಿ ತಪ್ಪೇನಿಲ್ಲ. ಅವರ ಅನುಭವದಲ್ಲಿ ಕೈಯಲ್ಲಿ ಕಾಗದ ಹಿಡಿದು ಬಂದವರು ಏನನ್ನಾದರೂ ಕಿತ್ತುಕೊಂಡೇ ಹೋಗಿದ್ದಾರೆ. ಆಮೇಲೆ ಅವರು ಹೇಳುವ ಯಾವ ಅಂಕಿಯೂ ನಿಜ ಇರುವುದಿಲ್ಲ. ನೀವು ಅದನ್ನೇ ಪೈ ಚಾರ್ಟ್ ಮಾಡಿ ವೈವಾಗೆ, ಅಂದರೆ ಮೌಖಿಕ ಪರೀಕ್ಷೆಗೆ ತಗೊಂಡು ಹೋಗುತ್ತೀರಿ.

ಪ್ರಶ್ನಾವಳಿ ಇಲ್ಲದೆ ಏನು ಮಾಡುವುದು? ಕೂರುವುದು. ಅಂಗನವಾಡಿಯಲ್ಲಿ ಕೂರಬಹುದು. ಕರ್ನಾಟಕದ ಮೊದಲ ಅಂಗನವಾಡಿಗಳು ಶುರುವಾಗಿದ್ದು 1975ರಲ್ಲಿ, ನಮ್ಮ ಪಕ್ಕದ ಟಿ. ನರಸೀಪುರ ತಾಲ್ಲೂಕಿನಲ್ಲೇ. ಊರಿನ ಪ್ರತಿ ಬಸುರಿ, ಬಾಣಂತಿ, ಮಗುವಿನ ಲೆಕ್ಕ ಅಂಗನವಾಡಿ ಕಾರ್ಯಕರ್ತೆಗೆ ಬಾಯಿಪಾಠ ಇರುತ್ತದೆ. ಯಾವ ಮನೆಯಲ್ಲಿ ಮಾತು ಬರದ ಮಗು ಇದೆ, ಯಾವ ಮನೆಯವರು ಅದನ್ನು ಹೊರಗೆ ತೋರಿಸುವುದಿಲ್ಲ ಅನ್ನುವುದು ಅವರಿಗೆ ಗೊತ್ತು. ಅವರಿಗೂ ಕೆಲಸ ಜಾಸ್ತಿ. ಸುಮ್ನೆ ಹೋಗಿ ಮಾಹಿತಿ ಕೇಳಬೇಡಿ. ಮಕ್ಕಳಿಗೆ ಒಂದು ಹಾಡು ಹೇಳಿಕೊಡಿ, ತೂಕ ಹಾಕುವಾಗ ಕೈಜೋಡಿಸಿ. ಮಾಹಿತಿ ತಾನಾಗೇ ಬರುತ್ತದೆ.

ಇನ್ನೊಬ್ಬರು ಪಂಚಾಯ್ತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಎಲ್ಲರೂ ವಿಆರ್‌ಡಬ್ಲ್ಯೂ ಅನ್ನುತ್ತಾರೆ. ಇದೇ ಕೆಲಸಕ್ಕೆ ತಾಲ್ಲೂಕಿಗೆ ಒಬ್ಬರು ಎಂಆರ್‌ಡಬ್ಲ್ಯೂ ಇರುತ್ತಾರೆ. ಸಾಮಾನ್ಯವಾಗಿ ಇವರೂ ವಿಕಲಚೇತನರೇ. ವಿಕಲಚೇತನರ ಗುರುತಿನ ಚೀಟಿ ಯುಡಿಐಡಿ ಕಾರ್ಡಿಗೆ ಎಲ್ಲಿ ಅರ್ಜಿ, ಯಾವ ದಿನ ಯಾವ ಡಾಕ್ಟರು ಸಿಗುತ್ತಾರೆ, ಕಿವಿ ಕೇಳದ ಮಗುವನ್ನು ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಕರೆದೊಯ್ಯುವುದು ಹೇಗೆ, ಇದೆಲ್ಲ ಇವರಿಂದ ಕಲಿಯುವಷ್ಟು ಚೆನ್ನಾಗಿ ಪುಸ್ತಕದಿಂದ ಕಲಿಯಲು ಆಗುವುದಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳಿವೆ ಅಂತ ಪರೀಕ್ಷೆಗೆ ಬರೆದಿರುತ್ತೀರಿ. ಪಾರ್ಕಿನ್ಸನ್, ಥಲಸ್ಸೀಮಿಯಾ, ಸಿಕಲ್ ಸೆಲ್ ಕೂಡ ಅದರಲ್ಲಿ ಸೇರಿವೆ ಅಂತ ಮನೆಯವರಿಗೆ ಗೊತ್ತೇ ಇರುವುದಿಲ್ಲ. ಆ ಪಟ್ಟಿಯನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದು ಬ್ಯಾಗಿನಲ್ಲಿಟ್ಟುಕೊಂಡ ವಿದ್ಯಾರ್ಥಿ ಒಬ್ಬನಿದ್ದ. ಆ ಹಾಳೆಯ ಝೆರಾಕ್ಸ್ ಈಗಲೂ ನಮ್ಮ ಆಫೀಸಿನ ಗೋಡೆ ಮೇಲಿದೆ.

ಎಲ್ಲಿ ಕೂರುತ್ತೀರಿ ಅನ್ನುವುದು ಸಣ್ಣ ವಿಷಯ ಅಲ್ಲ. ನಮ್ಮ ಊರುಗಳಲ್ಲಿ ಬೀದಿ ಅಂದರೆ ಜಾತಿ. ಇದನ್ನು ಕ್ಲಾಸಿನಲ್ಲಿ ಮೆತ್ತಗೆ ಹೇಳುತ್ತಾರೆ, ಊರಲ್ಲಿ ಮೆತ್ತಗೇನೂ ಇರುವುದಿಲ್ಲ. ನೀವು ಬಂದ ಅರ್ಧ ಗಂಟೆಯೊಳಗೆ ಯಾರೋ ಒಬ್ಬರು "ನೀವು ಯಾವ ಜನ?" ಅಂತ ಕೇಳಿಯೇ ಕೇಳುತ್ತಾರೆ. ದೇವಸ್ಥಾನದ ಕಟ್ಟೆಯ ಮೇಲೆ ಕೂತರೆ ಒಂದು ಬಗೆಯ ಜನ ಮಾತ್ರ ನಿಮ್ಮ ಹತ್ತಿರ ಬರುತ್ತಾರೆ. ಕಾಲೋನಿಯವರು ದೂರದಿಂದ ನೋಡಿ ಹೋಗುತ್ತಾರೆ.

ಪಿಆರ್‌ಎ, ಅಂದರೆ ಊರಿನವರನ್ನೇ ಸೇರಿಸಿಕೊಂಡು ಊರನ್ನು ಅರಿಯುವ ಕೆಲಸ ಮಾಡುವಾಗ ಇದು ಕಣ್ಣಿಗೆ ಹೊಡೆಯುವ ಹಾಗೆ ಕಾಣುತ್ತದೆ. ರಂಗೋಲಿ ಪುಡಿಯಲ್ಲಿ ನೆಲದ ಮೇಲೆ ಊರಿನ ನಕ್ಷೆ ಬಿಡಿಸುವುದು ಅದರ ಒಂದು ವಿಧಾನ. ನಮ್ಮ ರಾಜ್ಯದಲ್ಲಿ ಪಿಆರ್‌ಎ ಹರಡಿದ್ದರಲ್ಲಿ ಮೈರಾಡ ಸಂಸ್ಥೆಯ ಪಾಲು ದೊಡ್ಡದು. ವಿದ್ಯಾರ್ಥಿಗಳಿಗೆ ಇದು ತುಂಬಾ ಇಷ್ಟ, ಬಣ್ಣ ಬಣ್ಣದ ಫೋಟೊ ಬರುತ್ತದೆ. ಒಂದು ಊರಲ್ಲಿ ನಮ್ಮ ಹುಡುಗರು ದೊಡ್ಡ ಬೀದಿಯಲ್ಲಿ ನಕ್ಷೆ ಹಾಕಿಸಿದರು. ಪುಡಿ ಹಿಡಿದಿದ್ದು ಊರಿನ ಯಜಮಾನರು. ದೇವಸ್ಥಾನ, ಹಾಲಿನ ಡೈರಿ, ಶಾಲೆ, ಪಂಚಾಯ್ತಿ ಎಲ್ಲ ಬಂತು. ಕಾಲೋನಿ ಒಂದು ಮೂಲೆಯಲ್ಲಿ ಒಂದು ಗೆರೆಯಾಗಿ ಬಂತು. ಅಲ್ಲಿನ ಬೋರ್‌ವೆಲ್ ಬರಲೇ ಇಲ್ಲ. ಮುಂದಿನ ವಾರ ಅದೇ ನಕ್ಷೆಯನ್ನು ಕಾಲೋನಿಯ ಹೆಂಗಸರಿಂದ ಹಾಕಿಸಿದರು. ಅದರಲ್ಲಿ ಬೋರ್‌ವೆಲ್ ಮೊದಲು ಬಂತು, ಕೆಟ್ಟು ನಿಂತಿದೆ ಅನ್ನುವುದಕ್ಕೆ ಮೇಲೊಂದು ಕಲ್ಲು ಇಟ್ಟರು. ಚರಂಡಿ ಬಂತು. ಗಾಲಿಕುರ್ಚಿ ಇದ್ದೂ ಬೀದಿಗೆ ಇಳಿಯಲಾಗದ ಒಬ್ಬ ಹುಡುಗನ ಮನೆ ಬಂತು. ಯಜಮಾನರ ನಕ್ಷೆಯಲ್ಲಿ ಒಬ್ಬ ವಿಕಲಚೇತನರೂ ಇರಲಿಲ್ಲ. ಆ ಎರಡೂ ಫೋಟೊಗಳನ್ನು ಪಕ್ಕಪಕ್ಕ ಅಂಟಿಸಿ ವರದಿ ಮಾಡಿದರು. ನಾನು ಓದಿದ ವಿದ್ಯಾರ್ಥಿ ವರದಿಗಳಲ್ಲಿ ಅತ್ಯಂತ ಒಳ್ಳೆಯದು ಅದೇ. ಅಕ್ಷರ ಕಡಿಮೆ ಇತ್ತು ಅಂತ ಕಾಲೇಜಿನಲ್ಲಿ ಮಾರ್ಕ್ಸ್ ಕಡಿಮೆ ಬಂತಂತೆ.

ಸಂಸ್ಥೆಯಲ್ಲಿ ಕಲಿಯುವುದು ಓದಿನ ಪಕ್ಕದ ಕೆಲಸ ಅಂದುಕೊಂಡವರಿಗೆ ಒಂದು ಹಳೆಯ ವಿಷಯ ಹೇಳುತ್ತೇನೆ. ನಮ್ಮ ದೇಶದ ಮೊದಲ ಸಮಾಜಕಾರ್ಯ ಶಾಲೆ 1936ರಲ್ಲಿ ಮುಂಬೈಯಲ್ಲಿ ಶುರುವಾಯಿತು. ಈಗ ಟಿಸ್ (ಟಾಟಾ ಇನ್‌ಸ್ಟಿಟ್ಯೂಟ್ ಆಫ್ ಸೋಶಿಯಲ್ ಸೈನ್ಸಸ್) ಅಂತ ಕರೆಯುವುದು ಅದನ್ನೇ. ಅದನ್ನು ಕಟ್ಟಿದ ಕ್ಲಿಫರ್ಡ್ ಮ್ಯಾನ್‌ಶಾರ್ಟ್ ಅದಕ್ಕೂ ಮುಂಚೆಯೇ ನಾಗಪಾಡಾದಲ್ಲಿ ಒಂದು ಸಮುದಾಯ ಕೇಂದ್ರ ನಡೆಸುತ್ತಿದ್ದರು. ಅಲ್ಲಿ ಕೆಲಸ ಮಾಡುವವರಿಗೆ ತರಬೇತಿ ಬೇಕು ಅನ್ನಿಸಿದ್ದರಿಂದಲೇ ಶಾಲೆಯ ಯೋಚನೆ ಬಂದಿದ್ದು. ಅಂದರೆ ಏಜೆನ್ಸಿ ಮೊದಲು, ಕ್ಲಾಸ್ ರೂಂ ಆಮೇಲೆ. ಮಕ್ಕಳ ಸಹಾಯವಾಣಿ 1098 ಕೂಡ 1996ರಲ್ಲಿ ಅದೇ ಟಿಸ್‌ನ ಒಂದು ಕ್ಷೇತ್ರ ಯೋಜನೆಯಾಗಿಯೇ ಹುಟ್ಟಿದ್ದು. ಸಮಾಜಕಾರ್ಯ ಕಲಿಸುವ ನಮ್ಮ ಮಂಗಳೂರಿನ ರೋಶನಿ ನಿಲಯ 1960ರಿಂದ ಇದೆ. ಅಲ್ಲಿಂದ ಬಂದ ಮಕ್ಕಳು ಡೈರಿಯನ್ನು ಶಿಸ್ತಾಗಿ ಬರೆಯುತ್ತಾರೆ. ಅದು ಮಾತ್ರ ಒಪ್ಪಬೇಕು.

ಡೈರಿ ಅಂದಾಗ ನೆನಪಾಯಿತು. ಹೆಚ್ಚಿನವರ ಡೈರಿಯಲ್ಲಿ ಮನುಷ್ಯರೇ ಇರುವುದಿಲ್ಲ. ಕೌನ್ಸೆಲಿಂಗ್ ನೀಡಲಾಯಿತು, ಅರಿವು ಮೂಡಿಸಲಾಯಿತು, ಮಾಹಿತಿ ಸಂಗ್ರಹಿಸಲಾಯಿತು. ಯಾರು ಯಾರಿಗೆ ಎಲ್ಲಿ ಏನು ಹೇಳಿದರು? ಅವರು ವಾಪಸ್ ಏನಂದರು? ಅದನ್ನು ಬರೆಯಿರಿ. ಅವ್ವ ಅವರೆಕಾಯಿ ಬಿಡಿಸುತ್ತಿದ್ದರು, ಮಗಳ ಮಾತು ಬಂದಾಗ ಎದ್ದು ಒಳಗೆ ಹೋದರು ಅಂತ ಬರೆದರೆ ಆರು ತಿಂಗಳ ನಂತರ ಬರುವ ಇನ್ನೊಬ್ಬ ಕಾರ್ಯಕರ್ತೆಗೆ ಅದು ಉಪಯೋಗಕ್ಕೆ ಬರುತ್ತದೆ. ಮಗಳ ವಿಷಯ ಮೊದಲೇ ಎತ್ತಬಾರದು ಅಂತ ಅವಳಿಗೆ ತಿಳಿಯುತ್ತದೆ. ಬರೆಯುವುದನ್ನು ಅದೇ ರಾತ್ರಿ ಬರೆಯಿರಿ. ವೈವಾದ ಹಿಂದಿನ ದಿನ ಹಾಸ್ಟೆಲ್‌ನಲ್ಲಿ ಎಲ್ಲರೂ ಒಟ್ಟಿಗೆ ಕೂತು ಇಡೀ ಸೆಮಿಸ್ಟರಿನ ಡೈರಿ ಬರೆಯುವ ಸಂಪ್ರದಾಯ ನನಗೂ ಗೊತ್ತು. ಒಂದೇ ಪೆನ್ನಿನ ಇಂಕು ನೋಡಿದರೆ ಯಾರಿಗಾದರೂ ತಿಳಿಯುತ್ತದೆ.

ವಾರಕ್ಕೊಮ್ಮೆ ಐಸಿ ಅಂತ ಇರುತ್ತದಲ್ಲ, ಇಂಡಿವಿಜುಯಲ್ ಕಾನ್ಫರೆನ್ಸ್, ಅಂದರೆ ಒಬ್ಬೊಬ್ಬರೇ ಮೇಷ್ಟ್ರ ಜೊತೆ ಕೂತು ಮಾತಾಡುವುದು, ಅದು ಹೆಚ್ಚಿನ ಕಡೆ ಸಹಿ ಹಾಕಿಸುವ ಶಾಸ್ತ್ರ ಆಗಿಬಿಟ್ಟಿದೆ. ನೀವೇ ಒಂದು ಪ್ರಶ್ನೆ ತೆಗೆದುಕೊಂಡು ಹೋಗಿ. ಮಗ ಹೊಡೆಯುತ್ತಾನೆ ಅಂತ ಅಜ್ಜ ಹೇಳಿದರು, ಯಾರಿಗೂ ಹೇಳಬೇಡ ಅಂದರು, ಈಗ ನಾನೇನು ಮಾಡಲಿ? ಇಂಥ ಪ್ರಶ್ನೆ ತಂದವರಿಗೆ ಮೇಷ್ಟ್ರು ಒಂದು ಗಂಟೆ ಕೊಟ್ಟಿದ್ದನ್ನು ನೋಡಿದ್ದೇನೆ. ನಿಮ್ಮೊಬ್ಬರ ತಲೆಯಲ್ಲಿ ಇಟ್ಟುಕೊಳ್ಳಬಾರದ ವಿಷಯಗಳು ಅವು. ಗುಟ್ಟು ಕಾಪಾಡುವುದು ಅಂದರೆ ಸೂಪರ್‌ವೈಸರ್‌ಗೂ ಹೇಳದಿರುವುದು ಅಂತ ಅರ್ಥ ಅಲ್ಲ. ಅಜ್ಜನಿಗೂ ಅದನ್ನು ಮೊದಲೇ ತಿಳಿಸಿರಬೇಕು.

ಮಾತು ಕೊಡುವ ವಿಷಯಕ್ಕೆ ಬರೋಣ. "ಸರ್ಕಾರದಿಂದ ಏನಾದ್ರೂ ಕೊಡಿಸ್ತೀರಾ?" ಅಂತ ಎಲ್ಲರೂ ಕೇಳುತ್ತಾರೆ. ಇಲ್ಲ ಅನ್ನಲು ನಾಲಗೆ ಬರುವುದಿಲ್ಲ, "ನೋಡೋಣ ಅವ್ವ" ಅಂದುಬಿಡುತ್ತೀರಿ. ಆ ಅವ್ವನ ಲೆಕ್ಕದಲ್ಲಿ ನೋಡೋಣ ಅಂದರೆ ಆಯಿತು ಅಂತಲೇ. ನಿಮಗಿಂತ ಮುಂಚೆ ಬಂದ ಎಷ್ಟೋ ಬ್ಯಾಚಿನವರೂ ಹಾಗೇ ಹೇಳಿ ಹೋಗಿದ್ದಾರೆ. ಈ ಊರುಗಳು ನಿಮ್ಮಂಥ ಬಹಳ ಜನರನ್ನು ನೋಡಿವೆ. "ಈ ವರ್ಷದ ಹುಡುಗರು ಬಂದ್ರಾ?" ಅಂತ ಕೇಳುವ ಅಜ್ಜಂದಿರು ನಮ್ಮಲ್ಲಿದ್ದಾರೆ. ಅವರಿಗೆ ನಿಮ್ಮ ಸೆಮಿಸ್ಟರ್ ಯಾವಾಗ ಮುಗಿಯುತ್ತದೆ ಅನ್ನುವುದೂ ಗೊತ್ತು.

ಆದ್ದರಿಂದ ನೀವು ಹೋಗುವ ವಿಷಯವನ್ನು ಬಂದ ದಿನವೇ ಹೇಳಿ. ನಾನು ಓದುವ ಹುಡುಗ, ಇಂಥ ತಿಂಗಳ ತನಕ ಬರುತ್ತೇನೆ, ಆಮೇಲೆ ಬರುವುದಿಲ್ಲ, ನಿಮ್ಮ ಕೆಲಸ ಸಂಸ್ಥೆಯವರು ಮುಂದುವರಿಸುತ್ತಾರೆ. ಇಷ್ಟು ಸಾಕು. ಕೊನೆಯ ದಿನ ಎಲ್ಲರನ್ನೂ ಸೇರಿಸಿ ಕಣ್ಣೀರು ಹಾಕಿ ಸೆಲ್ಫಿ ತೆಗೆಯುವುದು ನಿಮ್ಮಿಷ್ಟ. ನನಗೆ ಬೇಕಾಗಿರುವುದು ಬೇರೆ. ಕೊನೆಯ ತಿಂಗಳು ಹೊಸ ಕೇಸು ಮುಟ್ಟಬೇಡಿ. ಇರುವ ಕೇಸುಗಳನ್ನು ಒಂದು ನೋಟ್‌ಬುಕ್ಕಿಗೆ ಇಳಿಸಿ. ಯಾರ ಅರ್ಜಿ ಎಲ್ಲಿಗೆ ಬಂದು ನಿಂತಿದೆ, ಸ್ವೀಕೃತಿ ನಂಬರ್ ಏನು, ಮುಂದೆ ಯಾರನ್ನು ಕೇಳಬೇಕು. ಆಧಾರ್‌ನಲ್ಲಿ ಹೆಸರು ಒಂದು ಥರ, ರೇಷನ್ ಕಾರ್ಡಿನಲ್ಲಿ ಇನ್ನೊಂದು ಥರ ಇದ್ದರೆ ಎರಡನ್ನೂ ಬರೆಯಿರಿ. ನಮ್ಮ ಕಾರ್ಯಕರ್ತೆಯನ್ನು ಒಂದು ದಿನ ಜೊತೆಗೆ ಕರೆದುಕೊಂಡು ಹೋಗಿ ಪ್ರತಿ ಮನೆಯಲ್ಲೂ ಎದುರುಬದುರು ಕೂರಿಸಿ. ಮಗನ ಬೆಂಗಳೂರಿನ ನಂಬರು, ಅವನು ಎಷ್ಟು ಹೊತ್ತಿಗೆ ಫೋನ್ ಎತ್ತುತ್ತಾನೆ ಅನ್ನುವುದು, ಹಾಗೇ ಬ್ಯಾಂಕ್ ಮಿತ್ರನ ನಂಬರು, ಇವನ್ನೂ ಅದರಲ್ಲಿ ಬರೆದಿಟ್ಟು ಹೋಗಿ. ಪ್ರತಿ ವರ್ಷ ಎಲ್ಲರೂ ಬಿಟ್ಟುಹೋಗುವುದು ಬ್ಯಾಂಕ್ ಮಿತ್ರನ ನಂಬರನ್ನೇ.